ಆರ್ಬಿಟ್ರೇಷನ್‌ನಲ್ಲಿ ಎಲ್‌ಎಲ್‌ಎಂ ಮಾಡಲಾ? ಪದೇ ಪದೇ ಕೇಳುವ ಪ್ರಶ್ನೆಗಳು

ಎಲ್‌ಎಲ್‌ಬಿ ಕೊನೇ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಸರಿಯಾಗಿ ನನಗೆ ಫೋನುಗಳು ಶುರುವಾಗುತ್ತವೆ. ‘ಮೇಡಂ, ಆರ್ಬಿಟ್ರೇಷನ್‌ನಲ್ಲಿ ಮುಂದೆ ಓದಲಾ?’ ಮುಂದೆ ಅಂದರೆ ಎಲ್‌ಎಲ್‌ಎಂ, ಕಾನೂನಿನ ಸ್ನಾತಕೋತ್ತರ ಪದವಿ. ನಾನು ಬೆಂಗಳೂರಿನಲ್ಲಿ ವಕೀಲೆ. ಕಟ್ಟಡ, ರಸ್ತೆ, ಯಂತ್ರದ ಸರಬರಾಜು, ಇಂಥ ಕಾಂಟ್ರಾಕ್ಟ್‌ಗಳ ಜಗಳವೇ ನನ್ನ ದಿನದ ಕೆಲಸ. ನಡುವೆ ಒಂದು ವರ್ಷ ಕೆಲಸ ಬಿಟ್ಟು ಇದೇ ವಿಷಯ ಓದಿ ಬಂದೆ. ಒಬ್ಬೊಬ್ಬರಿಗೂ ಅದನ್ನೇ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಬರೆದಿಟ್ಟಿದ್ದೇನೆ.

ಆರ್ಬಿಟ್ರೇಷನ್‌ಗೆ ಕನ್ನಡದಲ್ಲಿ ಏನಂತಾರೆ?

ಕೆಲವರು ಪಂಚಾಯ್ತಿ ಅನ್ನುತ್ತಾರೆ, ಕೆಲವರು ಮಧ್ಯಸ್ಥಿಕೆ ಅನ್ನುತ್ತಾರೆ. ತೊಂದರೆ ಇರುವುದು ಎರಡನೇ ಪದದಲ್ಲಿ. ಮೀಡಿಯೇಷನ್‌ಗೂ ನಾವು ಮಧ್ಯಸ್ಥಿಕೆ ಅಂತಲೇ ಹೇಳುತ್ತೇವೆ. ಎರಡಕ್ಕೂ ಅಜಗಜಾಂತರ. ಮೀಡಿಯೇಷನ್‌ನಲ್ಲಿ ನಡುವೆ ಕೂತವರು ಮಾತಾಡಿಸುತ್ತಾರೆ, ಒಪ್ಪುವುದು ಬಿಡುವುದು ನಿಮ್ಮ ಇಷ್ಟ. ಆರ್ಬಿಟ್ರೇಷನ್‌ನಲ್ಲಿ ನಡುವೆ ಕೂತವರು ತೀರ್ಪು ಬರೆಯುತ್ತಾರೆ. ಆ ತೀರ್ಪಿಗೆ ಅವಾರ್ಡ್ ಅಂತ ಹೆಸರು. ಕೋರ್ಟಿನ ಡಿಕ್ರಿಯ ಹಾಗೆಯೇ ಅದು ಜಾರಿಯಾಗುತ್ತದೆ.

ಇದು ಬರೀ ಪದದ ಚರ್ಚೆ ಅನ್ನಿಸಬಹುದು. ಒಬ್ಬರ ಕಥೆ ಹೇಳುತ್ತೇನೆ. ಅಕ್ಕಿ ಗಿರಣಿ ನಡೆಸುವ ಹಿರಿಯರು. ಯಂತ್ರದ ಬಾಕಿ ಹಣದ ಜಗಳದಲ್ಲಿ ಅವರಿಗೆ ಇಂಗ್ಲಿಷಿನಲ್ಲಿ ನೋಟಿಸ್ ಬಂತು. ಮಗನ ಸ್ನೇಹಿತ ಓದಿ, ‘ಏನಿಲ್ಲ ಅಂಕಲ್, ಮಧ್ಯಸ್ಥಿಕೆಗೆ ಕರೆದಿದ್ದಾರೆ’ ಅಂದ. ರಾಜಿ ಮಾತುಕತೆ ತಾನೇ, ನನಗೆ ರಾಜಿ ಬೇಡ ಅಂತ ಅವರು ಸುಮ್ನೆ ಇದ್ದುಬಿಟ್ಟರು. ಆಮೇಲೂ ನೋಟಿಸ್ ಬಂದವು, ಅದಕ್ಕೂ ಸುಮ್ಮನಿದ್ದರು. ಕೊನೆಗೆ ಅವಾರ್ಡೇ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಬಂತು. ನನ್ನ ಹತ್ತಿರ ಬಂದಾಗ ಅವಾರ್ಡ್ ಕೈಗೆ ಸಿಕ್ಕಿ ಐದನೇ ತಿಂಗಳು ನಡೆಯುತ್ತಿತ್ತು. ಅದನ್ನು ರದ್ದು ಮಾಡಿ ಅಂತ ಆರ್ಬಿಟ್ರೇಷನ್ ಕಾಯ್ದೆಯ ಸೆಕ್ಷನ್ 34ರ ಕೆಳಗೆ ಕೋರ್ಟನ್ನು ಕೇಳಲು ಮೂರು ತಿಂಗಳು ಸಮಯ. ಸರಿಯಾದ ಕಾರಣ ಇದ್ದರೆ ಇನ್ನೊಂದು 30 ದಿನ, ಅಷ್ಟೇ. ಅದರ ಮೇಲೆ ಒಂದು ದಿನವೂ ಕೊಡುವ ಅಧಿಕಾರ ಕೋರ್ಟಿಗೆ ಇಲ್ಲ. ಅವರ ನೋಟಿಸುಗಳೆಲ್ಲ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿದ್ದವು. ಎರಡನ್ನು ಒಡೆದೂ ಇರಲಿಲ್ಲ.

ಅಂದಿನಿಂದ ನಾನು ಕನ್ನಡದಲ್ಲಿ ಮಾತಾಡುವಾಗಲೂ ಆರ್ಬಿಟ್ರೇಷನ್, ಮೀಡಿಯೇಷನ್ ಅಂತಲೇ ಹೇಳುತ್ತೇನೆ. ಇಲ್ಲೂ ಹಾಗೇ ಬರೆಯುತ್ತೇನೆ.

ನಮ್ಮೂರ ಅರಳಿಕಟ್ಟೆ ಪಂಚಾಯ್ತಿಗೂ ಇದಕ್ಕೂ ಏನು ವ್ಯತ್ಯಾಸ?

ಕಟ್ಟೆಯ ಮೇಲೆ ಕೂತವರ ಮಾತು ಊರಿನ ಮರ್ಯಾದೆಯ ಬಲದಿಂದ ನಡೆಯುತ್ತಿತ್ತು. ಇಲ್ಲಿ ನಡೆಯುವುದು ಸಹಿಯ ಬಲದಿಂದ. ‘ಜಗಳ ಬಂದರೆ ಆರ್ಬಿಟ್ರೇಷನ್‌ಗೆ ಹೋಗೋಣ’ ಅಂತ ಎರಡೂ ಕಡೆಯವರು ಬರವಣಿಗೆಯಲ್ಲಿ ಒಪ್ಪಿರಬೇಕು. ನಮ್ಮಲ್ಲಿ ಇದಕ್ಕಿರುವುದು 1996ರ ಆರ್ಬಿಟ್ರೇಷನ್ ಅಂಡ್ ಕನ್ಸಿಲಿಯೇಷನ್ ಕಾಯ್ದೆ. ವಿಶ್ವಸಂಸ್ಥೆಯ ವ್ಯಾಪಾರ ಕಾನೂನು ಆಯೋಗ ಅನ್ಸಿಟ್ರಾಲ್ 1985ರಲ್ಲಿ ಒಂದು ಮಾದರಿ ಕಾನೂನು ಮಾಡಿತ್ತು, ನಮ್ಮ ಕಾಯ್ದೆಗೆ ಅದೇ ಅಚ್ಚು. 2015, 2019, 2021ರಲ್ಲಿ ತಿದ್ದುಪಡಿಗಳಾದವು. ಹಳೇ ಪುಸ್ತಕ ಕೊಳ್ಳುವ ಮುಂಚೆ ಮುದ್ರಣದ ವರ್ಷ ನೋಡಿ.

ಕಾವೇರಿ ನ್ಯಾಯಮಂಡಳಿಯೂ ಆರ್ಬಿಟ್ರೇಷನ್ನೇ ಅಲ್ವಾ?

ಅಲ್ಲ. ಅದು 1956ರ ಅಂತರರಾಜ್ಯ ನದಿ ನೀರು ವಿವಾದಗಳ ಕಾಯ್ದೆಯ ಕೆಳಗೆ 1990ರಲ್ಲಿ ಕೇಂದ್ರ ಸರ್ಕಾರ ರಚಿಸಿದ ಮಂಡಳಿ. ಕರ್ನಾಟಕ, ತಮಿಳುನಾಡು ಸೇರಿ ಆರಿಸಿದ ಆರ್ಬಿಟ್ರೇಟರ್‌ಗಳು ಅಲ್ಲಿರಲಿಲ್ಲ. ಆದರೂ ಇದು ದಡ್ಡ ಪ್ರಶ್ನೆ ಅಲ್ಲ. ವಿವಾದ ಪರಿಹಾರ ಓದುವಾಗ ಇಂಥ ನ್ಯಾಯಮಂಡಳಿಗಳೂ ಪಾಠದಲ್ಲಿ ಬರುತ್ತವೆ.

ಈ ಕೋರ್ಸುಗಳಲ್ಲಿ ನಿಜಕ್ಕೂ ಏನು ಕಲಿಸುತ್ತಾರೆ?

ಎಲ್ಲ ಕಡೆಯೂ ಸಿಗುವ ಪಾಠಗಳು ಹೀಗಿವೆ: ಆರ್ಬಿಟ್ರೇಷನ್ ಒಪ್ಪಂದ, ಆರ್ಬಿಟ್ರೇಟರ್ ನೇಮಕ, ಸಾಕ್ಷ್ಯ, ಅವಾರ್ಡ್, ಅದರ ಜಾರಿ. ಜೊತೆಗೆ ಮೀಡಿಯೇಷನ್, ಸಂಧಾನದ ಕೌಶಲ. ವಿದೇಶಿ ಹೂಡಿಕೆದಾರರು ಸರ್ಕಾರಗಳ ಮೇಲೆ ಹಾಕುವ ಕೇಸುಗಳದು ಒಂದು ದೊಡ್ಡ ಭಾಗ. 1958ರ ನ್ಯೂಯಾರ್ಕ್ ಒಪ್ಪಂದವನ್ನಂತೂ ಅರೆದು ಕುಡಿಸುತ್ತಾರೆ. ಒಂದು ದೇಶದಲ್ಲಿ ಬಂದ ಅವಾರ್ಡನ್ನು 170ಕ್ಕೂ ಜಾಸ್ತಿ ದೇಶಗಳಲ್ಲಿ ಜಾರಿ ಮಾಡಿಸಬಹುದಾದದ್ದು ಈ ಒಪ್ಪಂದದಿಂದಲೇ. ಭಾರತ ಇದಕ್ಕೆ ಸೇರಿದ್ದು 1960ರಲ್ಲಿ.

ನನ್ನ ಮಟ್ಟಿಗೆ ದುಡ್ಡಿಗೆ ಬೆಲೆ ಬಂದದ್ದು ಎರಡು ಪಾಠಗಳಿಂದ.

ಒಂದು, ಸೀಟ್. ಆರ್ಬಿಟ್ರೇಷನ್‌ಗೆ ಕಾನೂನಿನ ಕಣ್ಣಲ್ಲಿ ಒಂದು ಊರು ಇರಬೇಕು. ಯಾವ ಕೋರ್ಟು ಮೇಲ್ವಿಚಾರಣೆ ಮಾಡುತ್ತದೆ ಅನ್ನುವುದು ಆ ಊರಿನ ಮೇಲೆ ನಿಂತಿದೆ. ಓದುವುದಕ್ಕೆ ಮುಂಚೆ ನಾನು ಜೂನಿಯರ್ ಆಗಿದ್ದಾಗ ಒಂದು ಫೈಲು ಬಂತು. ಕಾಂಟ್ರಾಕ್ಟಿನಲ್ಲಿ ಹೀಗಿತ್ತು: ‘ಆರ್ಬಿಟ್ರೇಷನ್ ಬೆಂಗಳೂರಿನಲ್ಲಿ ನಡೆಯತಕ್ಕದ್ದು.’ ಅದರ ಕೆಳಗಿನ ಸಾಲು: ‘ಎಲ್ಲ ವಿವಾದಗಳಿಗೂ ಮುಂಬೈ ಕೋರ್ಟುಗಳಿಗೆ ಮಾತ್ರ ಅಧಿಕಾರ.’ ಯಾರೋ ಎರಡು ಹಳೇ ಕಾಂಟ್ರಾಕ್ಟುಗಳಿಂದ ಒಂದೊಂದು ಸಾಲು ಎತ್ತಿ ಅಂಟಿಸಿದ್ದರು. ಬಾಕಿ ಹಣ ಎಷ್ಟು ಅನ್ನುವ ಮಾತು ಬರುವ ಮುಂಚೆಯೇ ಯಾವ ಊರಿನ ಕೋರ್ಟು ಅನ್ನುವುದಕ್ಕೆ ಒಂದೂವರೆ ವರ್ಷ ಹೋಯಿತು. 2019ರ ಬಿಜಿಎಸ್ ಎಸ್‌ಜಿಎಸ್ ಸೋಮ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಈ ಗೋಜಲನ್ನು ಬಹಳ ಮಟ್ಟಿಗೆ ಬಿಡಿಸಿದೆ. ಆದರೂ ಕಾಪಿ ಪೇಸ್ಟ್ ಮಾಡುವವರು ಇರುವ ತನಕ ನಮಗೆ ಕೆಲಸ ಇರುತ್ತದೆ.

ಎರಡು, ಅವಾರ್ಡ್ ಬರೆಯುವುದು. ದಪ್ಪ ಫೈಲು ಕೈಗೆ ಕೊಟ್ಟು, ಇಷ್ಟು ಗಂಟೆಯಲ್ಲಿ ಪೂರ್ತಿ ಅವಾರ್ಡ್ ಬರೆಯಿರಿ ಅನ್ನುತ್ತಾರೆ. ನಾನು ಮೊದಲ ಸಲ ಪುಟಗಟ್ಟಲೆ ಕಾರಣ ಬರೆದೆ. ಬಡ್ಡಿ ಲೆಕ್ಕ ಹಾಕಿದೆ, ಖರ್ಚು ಯಾರ ತಲೆಗೆ ಅಂತಲೂ ಬರೆದೆ. ಉತ್ತರ ಪತ್ರಿಕೆ ವಾಪಸ್ ಬಂದಾಗ ಮೊದಲ ಪುಟದಲ್ಲೇ ಕೆಂಪು ಇಂಕಿನ ದೊಡ್ಡ ಸುತ್ತು. ದಿನಾಂಕವನ್ನೂ ಆರ್ಬಿಟ್ರೇಷನ್ ಸ್ಥಳವನ್ನೂ ಬರೆಯುವುದನ್ನೇ ಮರೆತಿದ್ದೆ. ನಮ್ಮ ಕಾಯ್ದೆಯ ಸೆಕ್ಷನ್ 31 ಕೂಡ ಇವೆರಡನ್ನೂ ಬರೆಯಲೇಬೇಕು ಅನ್ನುತ್ತದೆ. ಹತ್ತು ವರ್ಷ ವಾದ ಮಾಡಿದರೂ ಸಿಗದ ಪಾಠ ಅದು. ತೀರ್ಪು ಬರೆಯುವವರ ಕುರ್ಚಿಯಲ್ಲಿ ಒಮ್ಮೆ ಕೂತರೆ ವಕೀಲರು ಬರೆಯುವ ಅರ್ಜಿಗಳಲ್ಲಿ ಎಷ್ಟು ಹೊಟ್ಟು ಇರುತ್ತದೆ ಅಂತ ಗೊತ್ತಾಗುತ್ತದೆ.

ಪಾಠಕ್ಕೆ ಬರುವ ಕರ್ನಾಟಕದ ಕೇಸು ಯಾವುದಾದರೂ ಇದೆಯಾ?

ಇದೆ, ಅದೂ ಜಗತ್ತಿನ ತರಗತಿಗಳಲ್ಲೆಲ್ಲ ಚರ್ಚೆಯಾಗುವಂಥದ್ದು. ಆಂಟ್ರಿಕ್ಸ್ ಮತ್ತು ದೇವಾಸ್. ಎರಡೂ ಬೆಂಗಳೂರಿನ ಕಂಪನಿಗಳು. ಆಂಟ್ರಿಕ್ಸ್ ಇಸ್ರೋದ ವ್ಯಾಪಾರದ ಅಂಗ. 2005ರಲ್ಲಿ ಉಪಗ್ರಹದ ಕಾಂಟ್ರಾಕ್ಟ್ ಆಯಿತು, 2011ರಲ್ಲಿ ರದ್ದಾಯಿತು. ದೇವಾಸ್‌ಗೆ 56 ಕೋಟಿ 25 ಲಕ್ಷ ಡಾಲರ್ ಕೊಡಿ ಅಂತ 2015ರಲ್ಲಿ ಅವಾರ್ಡ್ ಬಂತು. ಅಲ್ಲಿಂದ ಕಥೆ ತಿರುಗಿತು. ಕಂಪನಿ ಹುಟ್ಟಿದ್ದೇ ವಂಚನೆಗಾಗಿ ಅಂತ ಹೇಳಿ ದೇವಾಸ್ ಮುಚ್ಚುವ ಆದೇಶವನ್ನು ಸುಪ್ರೀಂ ಕೋರ್ಟು 2022ರ ಜನವರಿಯಲ್ಲಿ ಎತ್ತಿ ಹಿಡಿಯಿತು. ಅದೇ ವರ್ಷ ದೆಹಲಿ ಹೈಕೋರ್ಟು ಅವಾರ್ಡನ್ನು ರದ್ದು ಮಾಡಿತು. ಹೂಡಿಕೆದಾರರು ಬಿಡಲಿಲ್ಲ, ಬೇರೆ ಬೇರೆ ದೇಶಗಳ ಕೋರ್ಟು ಹತ್ತಿದರು. 2025ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಕೂಡ ಇದೇ ವ್ಯಾಜ್ಯದ ಒಂದು ಭಾಗದ ಮೇಲೆ ತೀರ್ಪು ಕೊಟ್ಟಿತು. ಒಂದೇ ಕೇಸಿನಲ್ಲಿ ಸೀಟ್, ವಂಚನೆ, ಜಾರಿ, ಹೂಡಿಕೆ ಒಪ್ಪಂದ ಎಲ್ಲ ಇದೆ. ಸಂದರ್ಶನದಲ್ಲಿ ಬೆಂಗಳೂರಿನವರು ಅಂತ ಹೇಳಿದ ತಕ್ಷಣ ಇದರ ಬಗ್ಗೆ ಕೇಳುವ ಸಾಧ್ಯತೆ ಜಾಸ್ತಿ. ಓದಿಕೊಂಡು ಹೋಗಿ.

ಲಾ ಓದಿರಲೇಬೇಕಾ? ನಾನು ಸಿವಿಲ್ ಎಂಜಿನಿಯರ್.

ಎಲ್‌ಎಲ್‌ಎಂಗೆ ಸಾಮಾನ್ಯವಾಗಿ ಕಾನೂನು ಪದವಿ ಬೇಕು. ಆದರೆ ದಾರಿ ಅದೊಂದೇ ಅಲ್ಲ. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಕನ್‌ಸ್ಟ್ರಕ್ಷನ್ ಲಾ ಅಂಡ್ ಡಿಸ್ಪ್ಯೂಟ್ ರೆಸಲ್ಯೂಷನ್ ಎಂಎಸ್ಸಿ ಇದೆ. ಎಂಜಿನಿಯರ್, ಆರ್ಕಿಟೆಕ್ಟ್, ವಕೀಲರು ಒಂದೇ ಬೆಂಚಿನಲ್ಲಿ ಕೂರುತ್ತಾರೆ.

ಆರ್ಬಿಟ್ರೇಟರ್ ಆಗಲಿಕ್ಕೂ ನಮ್ಮ ಕಾಯ್ದೆ ಕಾನೂನು ಪದವಿ ಕೇಳುವುದಿಲ್ಲ. 2019ರ ತಿದ್ದುಪಡಿ ಎಂಟನೇ ಷೆಡ್ಯೂಲ್ ಅಂತ ಒಂದು ಸೇರಿಸಿ, ವಕೀಲರಿಗೆ ಇಷ್ಟು ವರ್ಷ ಅನುಭವ, ಎಂಜಿನಿಯರಿಗೆ ಇಷ್ಟು ಅಂತ ಪಟ್ಟಿ ಮಾಡಿತ್ತು. ಅದಕ್ಕೆ ಬಹಳ ಟೀಕೆ ಬಂತು. 2021ರಲ್ಲಿ ಆ ಷೆಡ್ಯೂಲನ್ನೇ ಕಿತ್ತು ಹಾಕಿದರು. ರಸ್ತೆ, ಸೇತುವೆ ಕೇಸುಗಳಲ್ಲಿ ನಿವೃತ್ತ ಚೀಫ್ ಎಂಜಿನಿಯರುಗಳು ಆರ್ಬಿಟ್ರೇಟರ್ ಆಗಿ ಕೂರುವುದು ಹಿಂದಿನಿಂದಲೂ ಇದೆ. ಎಂಬಿ ಬುಕ್ಕಿನ, ಅಂದರೆ ಕೆಲಸದ ಅಳತೆ ಬರೆದಿಡುವ ಪುಸ್ತಕದ, ಅಳತೆ ನೋಡಿ ‘ಇದು ಸೈಟಿನಲ್ಲಿ ಬರೆದದ್ದಲ್ಲ, ಆಫೀಸಿನಲ್ಲಿ ಕೂತು ತುಂಬಿಸಿದ್ದು’ ಅಂತ ಅವರು ಐದು ನಿಮಿಷದಲ್ಲಿ ಹಿಡಿದುಬಿಡುತ್ತಾರೆ. ನಮಗೆ ಅದಕ್ಕೆ ಎರಡು ದಿನದ ಪಾಟೀ ಸವಾಲು ಬೇಕು.

ಭಾರತದಲ್ಲಿ ಎಲ್ಲಿ ಓದಬಹುದು?

ದೆಹಲಿಯಲ್ಲಿ ಸುಪ್ರೀಂ ಕೋರ್ಟಿನ ಎದುರಿಗೇ ಇಂಡಿಯನ್ ಲಾ ಇನ್‌ಸ್ಟಿಟ್ಯೂಟ್ ಇದೆ. ಅಲ್ಲಿ ಪರ್ಯಾಯ ವಿವಾದ ಪರಿಹಾರದ (ಎಡಿಆರ್, ಅಂದರೆ ಕೋರ್ಟಿನ ಹೊರಗೆ ಜಗಳ ಬಗೆಹರಿಸುವ ದಾರಿಗಳು) ಒಂದು ವರ್ಷದ ಪಿಜಿ ಡಿಪ್ಲೊಮಾ ಇದೆ. ಹೈದರಾಬಾದಿನ ನಲ್ಸಾರ್ ದೂರಶಿಕ್ಷಣದ ಮೂಲಕ ಇದೇ ವಿಷಯದ ಡಿಪ್ಲೊಮಾ ನಡೆಸಿಕೊಂಡು ಬಂದಿದೆ. ನಾಗರಬಾವಿಯ ನ್ಯಾಷನಲ್ ಲಾ ಸ್ಕೂಲಿನಲ್ಲಿ ಒಂದು ವರ್ಷದ ಎಲ್‌ಎಲ್‌ಎಂ ಇದೆ. ಇಂಥ ಕಡೆ ಆರ್ಬಿಟ್ರೇಷನ್ ಸಾಮಾನ್ಯವಾಗಿ ಐಚ್ಛಿಕ ವಿಷಯವಾಗಿ ಬರುತ್ತದೆ, ಪ್ರಬಂಧವನ್ನೂ ಅದರ ಮೇಲೆ ಬರೆಯಬಹುದು. ಹುಬ್ಬಳ್ಳಿಯ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಎಲ್‌ಎಲ್‌ಬಿಯಲ್ಲೇ ಎಡಿಆರ್ ಪ್ರಾಯೋಗಿಕ ವಿಷಯವಾಗಿದೆ. ಬಹಳ ಕಾಲೇಜುಗಳಲ್ಲಿ ಅದನ್ನು ರೆಕಾರ್ಡ್ ಬರೆದು ಮುಗಿಸುತ್ತಾರೆ. ನೀವು ಹಾಗೆ ಮಾಡಬೇಡಿ, ಅಡಿಪಾಯ ಅಲ್ಲೇ ಬೀಳುವುದು.

ಬರೀ ಆರ್ಬಿಟ್ರೇಷನ್ ಹೆಸರಿನದೇ ಎಲ್‌ಎಲ್‌ಎಂ ನಮ್ಮಲ್ಲಿ ಕಡಿಮೆ. ಹೆಸರು ನೋಡಬೇಡಿ. ಆ ವರ್ಷ ಆ ವಿಷಯ ಯಾರು ಪಾಠ ಮಾಡುತ್ತಾರೆ, ಐಚ್ಛಿಕ ವಿಷಯ ನಿಜಕ್ಕೂ ತೆರೆಯುತ್ತಾರಾ, ಹಳೇ ವಿದ್ಯಾರ್ಥಿಗಳನ್ನು ಕೇಳಿ. ಬ್ರೋಷರಿನಲ್ಲಿ ಇದ್ದು ತರಗತಿಯಲ್ಲಿ ಇಲ್ಲದ ವಿಷಯಗಳು ಬೇಕಾದಷ್ಟಿವೆ.

ಪ್ರವೇಶ ಪರೀಕ್ಷೆ?

ಬಹುಪಾಲು ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಎಲ್‌ಎಲ್‌ಎಂಗೆ ಕ್ಲಾಟ್ ಪಿಜಿ. ಸಾಮಾನ್ಯವಾಗಿ ಡಿಸೆಂಬರಿನಲ್ಲಿ. 120 ಪ್ರಶ್ನೆ, ಎರಡು ಗಂಟೆ, ತಪ್ಪಿಗೆ ಕಾಲು ಅಂಕ ಕಡಿತ. ಎಲ್‌ಎಲ್‌ಬಿಯಲ್ಲಿ ಶೇ. 50 ಇರಬೇಕು, ಪರಿಶಿಷ್ಟರಿಗೆ ಶೇ. 45. ಕೊನೇ ವರ್ಷದಲ್ಲಿ ಇರುವವರೂ ಬರೆಯಬಹುದು.

ವಿದೇಶದಲ್ಲಿ ಯಾವ ಊರು ಒಳ್ಳೆಯದು?

ಯಾವ ಜಗಳದಲ್ಲಿ ಕೆಲಸ ಮಾಡಬೇಕು ಅನ್ನುವುದನ್ನು ಮೊದಲು ತೀರ್ಮಾನಿಸಿ. ಆಮೇಲೆ ಊರು.

ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದಲ್ಲಿ 1985ರಿಂದ ಆರ್ಬಿಟ್ರೇಷನ್‌ಗೇ ಒಂದು ಪ್ರತ್ಯೇಕ ಶಾಲೆ ಇದೆ. ವಾಣಿಜ್ಯ ಆರ್ಬಿಟ್ರೇಷನ್‌ಗೆ ದೊಡ್ಡ ಹೆಸರು. ಜಿನೀವಾದಲ್ಲಿ ಎರಡು ಸಂಸ್ಥೆಗಳು ಸೇರಿ ನಡೆಸುವ ಮಿಡ್ಸ್ ಅನ್ನುವ ಕೋರ್ಸು ಇದೆ. ದೇಶ ದೇಶಗಳ ನಡುವಿನ ವಿವಾದ, ಹೂಡಿಕೆ ವಿವಾದಕ್ಕೆ ಅದು ಸರಿ. ತರಗತಿ ಚಿಕ್ಕದು, ಸೀಟು ಸಿಗುವುದು ಕಷ್ಟ. ಸ್ಟಾಕ್‌ಹೋಮ್ ವಿಶ್ವವಿದ್ಯಾಲಯಕ್ಕೂ ಒಳ್ಳೇ ಹೆಸರಿದೆ. ಮೀಡಿಯೇಷನ್ ಕಡೆ ಮನಸ್ಸಿದ್ದರೆ ಅಮೆರಿಕದ ಪೆಪ್ಪರ್‌ಡೈನ್‌ನ ಸ್ಟ್ರಾಸ್ ಸಂಸ್ಥೆ ನೋಡಿ.

ನಮ್ಮ ಕಡೆಯವರು ಏಷ್ಯಾವನ್ನು ಯಾಕೆ ಎರಡನೇ ಆಯ್ಕೆ ಮಾಡಿಕೊಳ್ಳುತ್ತಾರೋ ನನಗೆ ಅರ್ಥವಾಗಿಲ್ಲ. ಭಾರತೀಯ ಕಂಪನಿಗಳ ಕಾಂಟ್ರಾಕ್ಟುಗಳಲ್ಲಿ ಸಿಂಗಪುರದ ಸೀಟ್, ಅಲ್ಲಿನ ಸಿಯಾಕ್ ಅನ್ನುವ ಆರ್ಬಿಟ್ರೇಷನ್ ಸಂಸ್ಥೆಯ ನಿಯಮ ಪದೇ ಪದೇ ಕಾಣುತ್ತದೆ. ಸಿಯಾಕ್ ಶುರುವಾದದ್ದು 1991ರಲ್ಲಿ. ಅದನ್ನು ಜಾಸ್ತಿ ಬಳಸುವ ಹೊರದೇಶದವರಲ್ಲಿ ನಾವು ಹಲವು ವರ್ಷಗಳಿಂದ ಮುಂದಿನ ಸಾಲಿನಲ್ಲಿದ್ದೇವೆ. ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾಲಯದಲ್ಲಿ ಇದೇ ವಿಷಯದ ಎಲ್‌ಎಲ್‌ಎಂ ಇದೆ. ಹಾಂಗ್‌ಕಾಂಗ್‌ನಲ್ಲಂತೂ ಹಾಂಗ್‌ಕಾಂಗ್ ವಿಶ್ವವಿದ್ಯಾಲಯ, ಸಿಟಿ ವಿಶ್ವವಿದ್ಯಾಲಯ ಎರಡರಲ್ಲೂ ಕೋರ್ಸಿನ ಹೆಸರೇ ಆರ್ಬಿಟ್ರೇಷನ್ ಅಂಡ್ ಡಿಸ್ಪ್ಯೂಟ್ ರೆಸಲ್ಯೂಷನ್. ಚೀನಾದ ಜೊತೆ ಯಂತ್ರ, ಬಿಡಿಭಾಗದ ವ್ಯಾಪಾರ ಮಾಡುವ ನಮ್ಮ ಕಂಪನಿಗಳಿಗೆ ಹಾಂಗ್‌ಕಾಂಗ್ ಅವಾರ್ಡ್ ಬಹಳ ಉಪಯೋಗ. 1999ರಲ್ಲೇ ಎರಡೂ ಕಡೆ ಅವಾರ್ಡುಗಳನ್ನು ಜಾರಿ ಮಾಡುವ ವ್ಯವಸ್ಥೆ ಆಗಿದೆ. 2019ರಿಂದ ಹಾಂಗ್‌ಕಾಂಗ್ ಆರ್ಬಿಟ್ರೇಷನ್ ನಡೆಯುತ್ತಿರುವಾಗಲೇ ಚೀನಾದ ಕೋರ್ಟಿನಲ್ಲಿ ಆಸ್ತಿಗೆ ತಡೆ ಕೇಳಬಹುದು. ಪೀಣ್ಯದ ಸಣ್ಣ ಕಾರ್ಖಾನೆಯವರಿಗೆ ಇದನ್ನು ಹೇಳುವ ವಕೀಲರು ಬೆಂಗಳೂರಿನಲ್ಲಿ ಎಷ್ಟು ಮಂದಿ ಇದ್ದಾರೆ ಹೇಳಿ?

ಒಂದು ಮಾತು ನೆನಪಿರಲಿ. ಲಂಡನ್ ಎಲ್‌ಎಲ್‌ಎಂ ಮಾಡಿದ ಮಾತ್ರಕ್ಕೆ ಅಲ್ಲಿ ಸಾಲಿಸಿಟರ್ ಆಗುವುದಿಲ್ಲ. ಅದಕ್ಕೆ ಎಸ್‌ಕ್ಯುಇ ಅಂತ ಬೇರೆ ಪರೀಕ್ಷೆ ಇದೆ, ಇನ್ನೂ ಎಲ್ಲೂ ವಕೀಲರಾಗಿಲ್ಲದವರಿಗೆ ಕೆಲಸದ ಅನುಭವವೂ ಬೇಕು.

ಖರ್ಚು ಎಷ್ಟು? ಸ್ಕಾಲರ್‌ಶಿಪ್ ಸಿಗುತ್ತಾ?

ಲಂಡನ್ ಅಂದರೆ ಫೀಸು, ರೂಮು, ಊಟ ಎಲ್ಲ ಸೇರಿ 30 ಲಕ್ಷ ದಾಟುವುದು ಗ್ಯಾರಂಟಿ. ಆಸ್ತಿ ಅಡ ಇಟ್ಟು ಸಾಲ ಮಾಡುವವರು ಎರಡು ಸಲ ಯೋಚಿಸಿ. ಬೆಂಗಳೂರಿಗೆ ವಾಪಸ್ ಬಂದ ಮೇಲೆ ಮೊದಲ ವರ್ಷಗಳ ಸಂಬಳ ಆ ಸಾಲದ ಕಂತಿಗೆ ಸಾಲುವುದು ಕಷ್ಟ.

ಬ್ರಿಟನ್ನಿಗೆ ಚೀವ್ನಿಂಗ್, ಕಾಮನ್‌ವೆಲ್ತ್ ಇವೆ. ಪರಿಶಿಷ್ಟ ಜಾತಿಯವರಿಗೆ ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇದೆ. ನಮ್ಮ ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆಯನ್ನೂ ವಿಚಾರಿಸಿ. ಆದಾಯದ ಮಿತಿ, ವಿಶ್ವವಿದ್ಯಾಲಯದ ರ‍್ಯಾಂಕಿನ ನಿಯಮ ವರ್ಷ ವರ್ಷ ಬದಲಾಗುತ್ತವೆ. ಹಾಗಾಗಿ ಆ ವರ್ಷದ ಪ್ರಕಟಣೆಯನ್ನೇ ಓದಿ. ಬಹಳ ಜನ ಪ್ರವೇಶ ಪತ್ರ ಕೈಗೆ ಬಂದ ಮೇಲೆ ಸ್ಕಾಲರ್‌ಶಿಪ್ ಹುಡುಕುತ್ತಾರೆ. ಅಷ್ಟರಲ್ಲಿ ಅರ್ಜಿಯ ದಿನ ಮುಗಿದಿರುತ್ತದೆ.

ನಾನು ಕನ್ನಡ ಮಾಧ್ಯಮದವನು. ಇಂಗ್ಲಿಷ್ ನೋಡಿದರೆ ಭಯ. ಆಗುತ್ತಾ?

ಈ ಪ್ರಶ್ನೆ ಯಾವಾಗಲೂ ಕೊನೆಗೆ ಬರುತ್ತದೆ, ಫೋನ್ ಇಡುವ ಮುಂಚೆ, ಸಣ್ಣ ದನಿಯಲ್ಲಿ.

ಇಂಗ್ಲಿಷ್ ಬರವಣಿಗೆ ಬೇಕು, ಅದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ. ಆದರೆ ಬೇಕಾದದ್ದು ಸಣ್ಣ ವಾಕ್ಯದ ಇಂಗ್ಲಿಷು. ಸ್ಟೈಲಾಗಿ ಮಾತಾಡುವುದಕ್ಕೆ ಇಲ್ಲಿ ಅಂಕ ಇಲ್ಲ. ಯಾವತ್ತು ಏನಾಯಿತು, ಯಾವ ಪತ್ರ ಯಾವ ಪುಟದಲ್ಲಿದೆ, ಎಷ್ಟು ಹಣ ಬಾಕಿ, ಇಷ್ಟನ್ನು ಗೋಜಲಿಲ್ಲದೆ ಬರೆದರೆ ಅರ್ಧ ಗೆದ್ದ ಹಾಗೆ.

ಇನ್ನರ್ಧದಲ್ಲಿ ನಿಮ್ಮ ಕನ್ನಡವೇ ಆಸ್ತಿ. ನಮ್ಮ ಕಾಂಟ್ರಾಕ್ಟು ಇಂಗ್ಲಿಷಿನಲ್ಲಿ ಇರುತ್ತದೆ, ಕೆಲಸ ನಡೆಯುವುದು ಕನ್ನಡದಲ್ಲಿ. ಸೈಟಿನ ಪುಸ್ತಕ, ಮೇಸ್ತ್ರಿಯ ಲೆಕ್ಕದ ಚೀಟಿ, ವಾಟ್ಸಾಪ್ ಮೆಸೇಜು, ಎಲ್ಲ. ಒಂದು ಕೇಸಿನಲ್ಲಿ ಕಂಟ್ರಾಕ್ಟರು ಹೆಚ್ಚುವರಿ ಕೆಲಸದ ದುಡ್ಡು ಕೇಳಿದ್ದರು. ಎದುರಿನವರು ಕಳಿಸಿದ ಮೆಸೇಜು ಹೀಗಿತ್ತು: ‘ಆಯ್ತು ಬಿಡಿ, ಮಾಡೋಣ ನೋಡೋಣ.’ ಅನುವಾದದಲ್ಲಿ ಅದು ‘ಅಗ್ರೀಡ್, ವಿಲ್ ಡೂ’ ಅಂತ ಆಗಿತ್ತು. ಸಹಿ, ಸೀಲು ಎಲ್ಲ ಹಾಕಿದ ಅನುವಾದ. ಕನ್ನಡ ಬಲ್ಲ ಯಾರಿಗಾದರೂ ಗೊತ್ತು, ‘ನೋಡೋಣ’ ಅಂದರೆ ಅರ್ಧಕ್ಕರ್ಧ ಇಲ್ಲ ಅಂತಲೇ ಅರ್ಥ. ಆರ್ಬಿಟ್ರೇಟರ್ ಹೊರ ರಾಜ್ಯದವರು. ಆ ಒಂದು ಪದ ವಿವರಿಸಲು ನಮಗೆ ಒಂದು ಪೂರ್ತಿ ಹಿಯರಿಂಗ್ ಬೇಕಾಯಿತು. ‘ಮದುವೆಗೆ ಬರ್ತೀರಾ ಅಂದರೆ ನೋಡೋಣ ಅಂತಾರಲ್ಲ ಸರ್, ಆ ನೋಡೋಣ’ ಅಂದಾಗ ಅವರು ನಕ್ಕು ಬರೆದುಕೊಂಡರು.

ಇನ್ನೊಂದು ಮಾತು. ಸೆಕ್ಷನ್ 22ರ ಪ್ರಕಾರ ಆರ್ಬಿಟ್ರೇಷನ್ ಯಾವ ಭಾಷೆಯಲ್ಲಿ ನಡೆಯಬೇಕು ಅನ್ನುವುದು ಎರಡೂ ಕಡೆಯವರ ಆಯ್ಕೆ. ಒಪ್ಪಿದರೆ ಕನ್ನಡದಲ್ಲೇ ನಡೆಸಬಹುದು. ತುಮಕೂರಿನ ಇಬ್ಬರು ವ್ಯಾಪಾರಿಗಳು ಇಂಗ್ಲಿಷಿನಲ್ಲಿ ಯಾಕೆ ಜಗಳ ಆಡಬೇಕು? ಕಾಂಟ್ರಾಕ್ಟ್ ಬರೆಯುವಾಗ ಆ ಒಂದು ಸಾಲು ಹಾಕುವವರು ಇಲ್ಲ, ಅಷ್ಟೇ.

ಓದಿ ಬಂದ ತಕ್ಷಣ ಆರ್ಬಿಟ್ರೇಟರ್ ಆಗಬಹುದಾ?

ಕಾನೂನು ಬೇಡ ಅನ್ನುವುದಿಲ್ಲ. ಆದರೆ ಯಾರೂ ನೇಮಿಸುವುದಿಲ್ಲ. ನೇಮಕಗಳು ಬಹುಪಾಲು ನಿವೃತ್ತ ನ್ಯಾಯಮೂರ್ತಿಗಳಿಗೆ, ಹಿರಿಯ ವಕೀಲರಿಗೆ, ಎಂಜಿನಿಯರುಗಳಿಗೆ ಹೋಗುತ್ತವೆ. ಬೆಂಗಳೂರಿನಲ್ಲಿ ಹೈಕೋರ್ಟಿನ ಆಶ್ರಯದಲ್ಲಿ ರೇಸ್‌ಕೋರ್ಸ್ ರಸ್ತೆಯ ಖನಿಜ ಭವನದಲ್ಲಿ ಆರ್ಬಿಟ್ರೇಷನ್ ಕೇಂದ್ರ ಇದೆ, ಅದರ ಪಟ್ಟಿಯಲ್ಲೂ ಹೆಚ್ಚಾಗಿ ಹಿರಿಯರೇ.

ಮೊದಲ ಹತ್ತು ವರ್ಷ ನೀವು ಮಾಡುವ ಕೆಲಸ ಬೇರೆ. ಅರ್ಜಿ ಬರೆಯುವುದು, ದಾಖಲೆ ಜೋಡಿಸುವುದು, ತಾರೀಖಿನ ಪಟ್ಟಿ ಮಾಡುವುದು, ಸಾಕ್ಷಿಗಳ ಜೊತೆ ಕೂರುವುದು. ಲಾ ಫರ್ಮು, ಕಂಪನಿಯ ಕಾನೂನು ವಿಭಾಗ, ಆರ್ಬಿಟ್ರೇಷನ್ ಸಂಸ್ಥೆಗಳ ಆಡಳಿತ, ಆರ್ಬಿಟ್ರೇಟರಿಗೆ ಕಾರ್ಯದರ್ಶಿ, ಇವು ಬಾಗಿಲುಗಳು. ಕ್ಲೇಮ್ ಲೆಕ್ಕ ಹಾಕುವ ಸಲಹಾ ಕಂಪನಿಗಳು ಎಂಜಿನಿಯರುಗಳನ್ನು ಹುಡುಕುತ್ತಲೇ ಇರುತ್ತವೆ.

ಒಂದು ಬದಲಾವಣೆ ಮಾತ್ರ ನಿಮ್ಮ ಕಾಲಕ್ಕೆ ಅನುಕೂಲವಾದೀತು. ಮೊದಲೆಲ್ಲ ಕಂಪನಿಯ ಎಂಡಿಯೇ ಆರ್ಬಿಟ್ರೇಟರನ್ನು ನೇಮಿಸುತ್ತಿದ್ದರು. 2019ರ ಪರ್ಕಿನ್ಸ್ ಈಸ್ಟ್‌ಮನ್ ತೀರ್ಪು ಅದಕ್ಕೆ ತಡೆ ಹಾಕಿತು. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಐವರ ಸಂವಿಧಾನ ಪೀಠವೂ ಸರ್ಕಾರಿ ಕಾಂಟ್ರಾಕ್ಟುಗಳಲ್ಲಿ ಒಂದೇ ಕಡೆಯವರು ಆರ್ಬಿಟ್ರೇಟರನ್ನು ಆರಿಸುವುದು ಸರಿಯಲ್ಲ ಅಂದಿತು. ನೇಮಕ ಸಂಸ್ಥೆಗಳ ಕೈಗೆ ಹೋದಷ್ಟೂ ಹೊಸಬರಿಗೆ ಸಣ್ಣ ಕೇಸುಗಳಾದರೂ ಸಿಗುತ್ತವೆ ಅನ್ನುವುದು ನನ್ನ ಲೆಕ್ಕಾಚಾರ.

ಆರ್ಬಿಟ್ರೇಟರ್‌ಗೆ ಎಷ್ಟು ಸಿಗುತ್ತೆ?

ಕಾಯ್ದೆಯ ನಾಲ್ಕನೇ ಷೆಡ್ಯೂಲಿನಲ್ಲಿ ಮಾದರಿ ಪಟ್ಟಿ ಇದೆ. 50 ಲಕ್ಷದ ಜಗಳ ಅಂದುಕೊಳ್ಳಿ. 20 ಲಕ್ಷದವರೆಗೆ 97,500 ರೂಪಾಯಿ. ಅದರ ಮೇಲಿನ 30 ಲಕ್ಷಕ್ಕೆ ಶೇ. 3, ಅಂದರೆ 90,000. ಒಟ್ಟು 1,87,500. ಒಬ್ಬರೇ ಆರ್ಬಿಟ್ರೇಟರ್ ಆದರೆ ಶೇ. 25 ಜಾಸ್ತಿ, ಅಲ್ಲಿಗೆ 2,34,375. ದೊಡ್ಡ ಕೇಸಿಗೆ ಪಟ್ಟಿಯ ಮಿತಿ 30 ಲಕ್ಷ. ಆರ್ಬಿಟ್ರೇಟರ್ ತನ್ನ ಫೀಸನ್ನು ತಾನೇ ಏಕಪಕ್ಷೀಯವಾಗಿ ನಿಗದಿ ಮಾಡುವಂತಿಲ್ಲ ಅಂತ 2022ರಲ್ಲಿ ಓಎನ್‌ಜಿಸಿ ಕೇಸಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಈ ದುಡ್ಡು ಎರಡೂ ಕಡೆಯವರ ಜೇಬಿನಿಂದ ಬರುತ್ತದೆ ಅನ್ನುವುದನ್ನೂ ನೆನಪಿಡಿ. ಐದು ಲಕ್ಷದ ಜಗಳಕ್ಕೆ ಆರ್ಬಿಟ್ರೇಷನ್ ಕೇಳುವ ಕಕ್ಷಿದಾರರಿಗೆ ನಾನೇ ಬೇಡ ಅನ್ನುತ್ತೇನೆ.

ಸರ್ಕಾರವೇ ಆರ್ಬಿಟ್ರೇಷನ್‌ನಿಂದ ದೂರ ಸರಿಯುತ್ತಿದೆಯಂತೆ. ಇನ್ನೂ ಓದಬೇಕಾ?

ನಿಜ. 2024ರ ಜೂನ್‌ನಲ್ಲಿ ಕೇಂದ್ರ ಹಣಕಾಸು ಸಚಿವಾಲಯ ಒಂದು ಸೂಚನೆ ಹೊರಡಿಸಿತು. ಸರ್ಕಾರಿ ಖರೀದಿ ಕಾಂಟ್ರಾಕ್ಟುಗಳಲ್ಲಿ ಸುಮ್ನೆ ರೂಢಿ ಅಂತ ಆರ್ಬಿಟ್ರೇಷನ್ ಸೇರಿಸಬೇಡಿ, ಸಾಮಾನ್ಯವಾಗಿ ವಿವಾದದ ಮೊತ್ತ 10 ಕೋಟಿಗಿಂತ ಕಡಿಮೆ ಇದ್ದಾಗ ಮಾತ್ರ ಇಟ್ಟುಕೊಳ್ಳಿ, ಮೀಡಿಯೇಷನ್ ನೋಡಿ ಅಂತ. ಇದು ನಮ್ಮ ವೃತ್ತಿಗೆ ಪೆಟ್ಟೇ. ನಾವೇ ಕೆಡಿಸಿಕೊಂಡದ್ದೂ ಇದೆ. ಬೇಗ ಮುಗಿಯುತ್ತದೆ ಅಂತ ಹೇಳಿ ತಂದ ವ್ಯವಸ್ಥೆಯಲ್ಲಿ ತಾರೀಖಿನ ಮೇಲೆ ತಾರೀಖು ಕೇಳಿದವರು ನಾವೇ ತಾನೇ? ಅವಾರ್ಡ್ ಕೊಡಲು 12 ತಿಂಗಳ ಮಿತಿ ಹಾಕುವ ಸೆಕ್ಷನ್ 29ಎ ಬಂದದ್ದು ಅದಕ್ಕೇ.

ಅದಕ್ಕೇ ನಾನು ಹೇಳುವುದು, ಬರೀ ಆರ್ಬಿಟ್ರೇಷನ್ ಇರುವ ಕೋರ್ಸಿಗಿಂತ ಮೀಡಿಯೇಷನ್ನೂ ಗಟ್ಟಿಯಾಗಿ ಇರುವ ಕೋರ್ಸು ಆರಿಸಿ.

ಮೀಡಿಯೇಷನ್ ಕಡೆ ಹೋದರೆ ಕೆಲಸ ಇದೆಯಾ?

ಬೆಂಗಳೂರಿನವರು ಈ ವಿಷಯದಲ್ಲಿ ಅದೃಷ್ಟವಂತರು. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿ 2007ರ ಜನವರಿ 1ರಿಂದ ಮೀಡಿಯೇಷನ್ ಕೇಂದ್ರ ನಡೆಯುತ್ತಿದೆ. ಕೋರ್ಟುಗಳು ಕಳಿಸುವ ಕೇಸುಗಳು, ಅದರಲ್ಲೂ ಕುಟುಂಬದ ಕೇಸುಗಳು, ಅಲ್ಲಿಗೆ ಬರುತ್ತವೆ. ಅಲ್ಲಿನ ಕೋಣೆಗಳಲ್ಲಿ ಎತ್ತರದ ಪೀಠ ಇಲ್ಲ. ಮೇಜಿನ ಸುತ್ತ ಎಲ್ಲರೂ ಒಂದೇ ಮಟ್ಟದಲ್ಲಿ ಕೂರುತ್ತಾರೆ. ಮೊದಲ ಸಲ ಹೋದಾಗ ನನ್ನ ಕಕ್ಷಿದಾರರೊಬ್ಬರು ‘ಜಡ್ಜ್ ಯಾವಾಗ ಬರ್ತಾರೆ?’ ಅಂತ ಮೀಡಿಯೇಟರನ್ನೇ ಕೇಳಿದ್ದರು.

ಕೋರ್ಟಿನ ಮೀಡಿಯೇಟರ್ ಆಗಲು ಮುಖ್ಯವಾದದ್ದು 40 ಗಂಟೆಗಳ ತರಬೇತಿ, ಆಮೇಲೆ ನಿಜವಾದ ಕೇಸುಗಳ ಅಭ್ಯಾಸ. ಎಲ್‌ಎಲ್‌ಎಂ ಅದಕ್ಕೆ ಬದಲಿ ಆಗುವುದಿಲ್ಲ. ತುರ್ತು ತಡೆ ಬೇಡದ ವಾಣಿಜ್ಯ ದಾವೆ ಹೂಡುವ ಮುಂಚೆ ಮೀಡಿಯೇಷನ್ ಕಡ್ಡಾಯ ಅಂತ 2022ರ ಪಾಟೀಲ್ ಆಟೊಮೇಷನ್ ತೀರ್ಪು ಹೇಳಿದೆ. 2023ರಲ್ಲಿ ಮೀಡಿಯೇಷನ್‌ಗೇ ಪ್ರತ್ಯೇಕ ಕಾಯ್ದೆ ಬಂತು, ಹಂತ ಹಂತವಾಗಿ ಜಾರಿಗೆ ಬರುತ್ತಿದೆ. ಕೆಲಸ ಹೆಚ್ಚುವುದರಲ್ಲಿ ಅನುಮಾನ ಇಲ್ಲ. ಸಂಪಾದನೆ ಸದ್ಯಕ್ಕೆ ಆರ್ಬಿಟ್ರೇಷನ್‌ನಷ್ಟಿಲ್ಲ.

ಎಲ್‌ಎಲ್‌ಎಂ ಬದಲು ಸಿಐಆರ್ಬ್ ಮಾಡಿದರೆ ಸಾಕಾ?

ಸಿಐಆರ್ಬ್ ಅಂದರೆ ಚಾರ್ಟರ್ಡ್ ಇನ್‌ಸ್ಟಿಟ್ಯೂಟ್ ಆಫ್ ಆರ್ಬಿಟ್ರೇಟರ್ಸ್, 1915ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ್ದು. ಅದರ ಸದಸ್ಯತ್ವಕ್ಕೆ ಅಸೋಸಿಯೇಟ್, ಮೆಂಬರ್, ಫೆಲೋ ಅಂತ ಮೂರು ಮೆಟ್ಟಿಲು. ಕೆಲಸ ಬಿಡದೆ ಮಾಡಬಹುದು, ಎಂಜಿನಿಯರುಗಳೂ ಮಾಡಬಹುದು. ಐದಾರು ವರ್ಷ ಅನುಭವ ಇರುವವರಿಗೆ ನಾನು ಇದನ್ನೇ ಹೇಳುತ್ತೇನೆ. ಕಾಲೇಜಿನಿಂದ ನೇರ ಬರುವವರಿಗೆ ಎಲ್‌ಎಲ್‌ಎಂ ಒಂದು ವರ್ಷ ಕೂತು ಓದುವ ಬಿಡುವು ಕೊಡುತ್ತದೆ.

ಆನ್‌ಲೈನ್‌ನಲ್ಲಿ ನಾಲ್ಕು ವಾರದ ಸರ್ಟಿಫಿಕೇಟ್ ಕೋರ್ಸು?

ಕಲಿಯುವ ಆಸೆಗೆ ಮಾಡಿ. ರೆಸ್ಯುಮೆಗೆ ಅಂತ ಮಾಡಿದರೆ ದುಡ್ಡು ದಂಡ.

ಮೂಟ್ ಕೋರ್ಟು ಮಾಡಿರಬೇಕಾ?

ಮೂಟ್ ಅಂದರೆ ಕಾನೂನು ವಿದ್ಯಾರ್ಥಿಗಳ ಅಣಕು ವಾದದ ಸ್ಪರ್ಧೆ. ಮಾಡಿದ್ದರೆ ಒಳ್ಳೆಯದು. ವಿಯೆನ್ನಾದಲ್ಲಿ ಪ್ರತಿ ವರ್ಷ ನಡೆಯುವ ವಿಸ್ ಮೂಟ್ ಆರ್ಬಿಟ್ರೇಷನ್‌ನವರ ಜಾತ್ರೆ. ಕಾಲೇಜು ಕಳಿಸಲಿಲ್ಲ ಅಂತ ಕೊರಗಬೇಡಿ. ಆ ವರ್ಷ ಸ್ಪರ್ಧೆಗೆ ಕೊಟ್ಟ ಕಾಲ್ಪನಿಕ ಕೇಸನ್ನು ಇಳಿಸಿಕೊಂಡು ಇಬ್ಬರು ಸ್ನೇಹಿತರು ಕೂತು ಎರಡೂ ಕಡೆಯ ವಾದ ಬರೆಯಿರಿ. ಅದೇ ಅಭ್ಯಾಸ, ಟಿಕೆಟ್ ಖರ್ಚಿಲ್ಲ.

ಪ್ರಬಂಧಕ್ಕೆ ವಿಷಯ ಹೇಳಿ ಮೇಡಂ.

ಅವಾರ್ಡನ್ನು ಕೋರ್ಟು ತಿದ್ದಬಹುದಾ ಅನ್ನುವ ಪ್ರಶ್ನೆಗೆ 2025ರ ಏಪ್ರಿಲ್‌ನಲ್ಲಿ ಗಾಯತ್ರಿ ಬಾಲಸಾಮಿ ಕೇಸಿನಲ್ಲಿ ಸಂವಿಧಾನ ಪೀಠ ಉತ್ತರ ಕೊಟ್ಟಿತು. ಮಿತಿಯೊಳಗೆ ತಿದ್ದಬಹುದು ಅಂತ ನಾಲ್ವರು, ಆಗದು ಅಂತ ಒಬ್ಬರು. ಆ ಒಬ್ಬರ ಭಿನ್ನಮತ ಓದಿ, ಅಲ್ಲೇ ಒಂದು ಪ್ರಬಂಧ ಇದೆ. ಇನ್ನೊಂದು, ಯಾರೂ ಕೈ ಹಾಕದ್ದು: ಅನುವಾದದಲ್ಲಿ ಕೆಡುವ ಸಾಕ್ಷ್ಯ. ‘ನೋಡೋಣ’ದಂಥ ಪದಗಳು ನಿಮ್ಮ ಜಿಲ್ಲೆಯಲ್ಲೂ ಸಿಗುತ್ತವೆ.

ಅರ್ಜಿ ಹಾಕುವ ಮುಂಚೆ ಏನು ಓದಲಿ?

ದಪ್ಪ ಪುಸ್ತಕ ಬೇಡ. ಕಾಯ್ದೆಯ ಹತ್ತು ಸೆಕ್ಷನ್ ಓದಿ: 7, 8, 9, 11, 12, 16, 29ಎ, 34, 36, 37. ಆಮೇಲೆ ಮನೆಯ ಬೀರು ತೆಗೆಯಿರಿ. ಬೈಕ್ ಸಾಲದ ಪತ್ರ, ಅಪ್ಪನ ಟ್ರ್ಯಾಕ್ಟರ್ ಸಾಲ, ಫ್ಲ್ಯಾಟ್ ಕೊಂಡ ಕರಾರು, ಯಾವುದಾದರೂ ಸರಿ. ಕೊನೇ ಪುಟಗಳಲ್ಲಿ ಸಣ್ಣ ಅಕ್ಷರದಲ್ಲಿ ಆರ್ಬಿಟ್ರೇಷನ್ ಅಂತ ಇದೆಯಾ ಹುಡುಕಿ. ಯಾವ ಊರು, ಯಾವ ಭಾಷೆ, ಎಷ್ಟು ಮಂದಿ, ಯಾರು ನೇಮಿಸುತ್ತಾರೆ, ಒಂದು ಹಾಳೆಯಲ್ಲಿ ಬರೆಯಿರಿ. ನೇಮಿಸುವವರು ಸಾಲ ಕೊಟ್ಟ ಕಂಪನಿಯೇ ಆಗಿದ್ದರೆ ಮೇಲೆ ಹೇಳಿದ ಪರ್ಕಿನ್ಸ್ ಈಸ್ಟ್‌ಮನ್ ಮತ್ತು 2024ರ ಸಂವಿಧಾನ ಪೀಠದ ತೀರ್ಪುಗಳನ್ನು ಆ ಸಾಲಿನ ಪಕ್ಕ ಇಟ್ಟು ಇನ್ನೊಮ್ಮೆ ಓದಿ. ಆ ಹಾಳೆ ಇಟ್ಟುಕೊಂಡು ನನಗೆ ಫೋನ್ ಮಾಡಿ. ಸಂಜೆ ಆರರ ಮೇಲೆ.